ಮುಳ್ಳೇರಿಯದ ಬೋರ್ಡಿಲ್ಲದ ಗ್ಯಾರೇಜು ಮತ್ತು ನಮ್ಮ ಹಳೆ ಜಿಪ್ಸಿಯ ಆಯಿಲ್ ಲೀಕ್

ಹಳೆ ಜಿಪ್ಸಿಯೋ ಜೀಪೋ ಇಟ್ಟುಕೊಂಡು, ಅದರ ಅಡಿಯಲ್ಲಿ ಆಯಿಲ್ ಹನಿಯುವುದನ್ನು ನೋಡಿ ನೋಡಿ ಸಾಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಮುಳ್ಳೇರಿಯ ದಾಟಿ ಆದೂರು ಕಡೆಗೆ ಹೋಗುವಾಗ ಶೀಟಿನ ಮಾಡಿನ ಒಂದು ಸಣ್ಣ ಗ್ಯಾರೇಜು ಉಂಟು. ಬೋರ್ಡ್ ಇಲ್ಲ. ಎದುರು ಯಾವಾಗಲೂ ಒಂದೆರಡು ಹಳೆ ಜೀಪು ನಿಂತಿರುತ್ತವೆ, ಅದೇ ಗುರುತು. ಅಲ್ಲಿ ಕೆಲಸ ಮಾಡುವುದು ಯಜಮಾನರು ಮತ್ತು ಒಬ್ಬ ಹುಡುಗ, ಇಬ್ಬರೇ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಬೇಕಾದರೂ ಮಾತಾಡಿ, ನಡೆಯುತ್ತದೆ. ಲೀಕ್ ಎಲ್ಲಿಂದ ಅಂತ ಹುಡುಕುವುದರಲ್ಲಿ ಇಷ್ಟು ತಾಳ್ಮೆ ಇರುವವರನ್ನು ನಾನು ಪುತ್ತೂರಿನಲ್ಲೂ ನೋಡಿಲ್ಲ, ಮಂಗಳೂರಿನಲ್ಲೂ ನೋಡಿಲ್ಲ.

ನಮ್ಮದು 1999ರ ಮಾರುತಿ ಜಿಪ್ಸಿ ಕಿಂಗ್. ಕಾರ್ಬ್ಯುರೇಟರ್ ಇರುವ 1298 ಸಿಸಿ ಇಂಜಿನ್, ಟಾರ್ಪಾಲಿನ ಮಾಡು. ಶೋಕಿಗೆ ಇಟ್ಟುಕೊಂಡದ್ದಲ್ಲ. ಅಡಿಕೆ ಮೂಟೆ, ಗೊಬ್ಬರ, ಮದ್ದು ಬಿಡುವ ಪಂಪು ಎಲ್ಲ ಇದರಲ್ಲೇ ಹೋಗಬೇಕು. ಮನೆಯಿಂದ ಕೆಳಗಿನ ತೋಟಕ್ಕೆ ಇಳಿಯುವ ದಾರಿ ಕೆಂಪು ಮಣ್ಣಿನದ್ದು. ನಡುವೆ ತೋಡು (ಸಣ್ಣ ಹಳ್ಳ) ದಾಟಬೇಕು. ಮಳೆಗಾಲದಲ್ಲಿ ಫೋರ್ ವೀಲ್ ಹಾಕದೆ ಹತ್ತಲು ಆಗುವುದಿಲ್ಲ.

ಲೀಕ್ ಇದ್ದರೆ ಏನಾಯಿತು, ಹಳೆ ಗಾಡಿ ಅಂದಮೇಲೆ ಸ್ವಲ್ಪ ಹನಿಯುತ್ತದೆ ಅಂತ ಹೇಳುವವರು ಬಹಳ ಜನ. ಆದರೆ ನಮ್ಮ ಗಾಡಿ ನಿಲ್ಲುವುದು ಅಂಗಳದಲ್ಲಿ. ಅದೇ ಅಂಗಳದಲ್ಲಿ ಅಡಿಕೆ ಒಣಗಬೇಕು. ಚಾಲಿ ಅಡಿಕೆ ಸರಿಯಾಗಿ ಒಣಗಲು 40–45 ದಿನ ಬಿಸಿಲು ಬೇಕು. ಆಯಿಲ್ ತಾಗಿದ ಅಡಿಕೆಗೆ ವಾಸನೆ ಹಿಡಿಯುತ್ತದೆ, ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದು ಬಿಡಿ, ಗಾಡಿ ತೋಡಿಗೆ ಇಳಿದಾಗ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಏಳುತ್ತಿತ್ತು. ಆ ನೀರು ಹರಿದು ಹೋಗುವುದು ಕೆಳಗಿನ ಮನೆಯವರ ತೋಟಕ್ಕೆ. ಹಾಗಾಗಿ ಇದನ್ನು ಸರಿ ಮಾಡಿಸಲೇಬೇಕಿತ್ತು.

ಮೊದಲು ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದ್ದೆ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಬೆಲ್ ಹೌಸಿಂಗ್ (ಇಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿನ ಕವಚ) ಹತ್ತಿರ ಒದ್ದೆ ಇರುವುದನ್ನು ನೋಡಿದ ಕೂಡಲೇ ‘ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂದರು. ಹೇಳಿದ ಖರ್ಚು ದೊಡ್ಡದಿತ್ತು. ಅಷ್ಟು ಬೇಡ ಅಂತಿದ್ದರೆ ದಪ್ಪ ಆಯಿಲ್ ಹಾಕಿ, ಜೊತೆಗೆ ಲೀಕ್ ನಿಲ್ಲಿಸುವ ಒಂದು ಬಾಟಲಿ ಸುರಿಯಿರಿ ಅಂತಲೂ ಹೇಳಿದರು. ಆ ಬಾಟಲಿಗಳ ಮೇಲೆ ನನಗೆ ನಂಬಿಕೆ ಇಲ್ಲ. ಅದರೊಳಗಿನ ರಾಸಾಯನಿಕ ರಬ್ಬರ್ ಸೀಲನ್ನು ಉಬ್ಬಿಸುತ್ತದೆ, ಸ್ವಲ್ಪ ಕಾಲ ಲೀಕ್ ನಿಂತ ಹಾಗೆ ಕಾಣುತ್ತದೆ. ಸವೆದ ಸೀಲಿನ ತುಟಿ ಮತ್ತೆ ಹೊಸದಾಗುವುದಿಲ್ಲ ಅಲ್ವಾ?

ಮುಳ್ಳೇರಿಯದ ಯಜಮಾನರು ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳಲು ಶುರು ಮಾಡಿದರು. ಇಂಜಿನ್ ಆಯಿಲ್ ಎಷ್ಟು ಸಮಯಕ್ಕೊಮ್ಮೆ ಹಾಕಬೇಕಾಗುತ್ತದೆ? ಹನಿಯುವುದು ಓಡಿಸಿ ಬಂದ ಕೂಡಲೇ ಜಾಸ್ತಿಯಾ, ರಾತ್ರಿ ನಿಂತ ಮೇಲೆ ಜಾಸ್ತಿಯಾ? ನೀರಿಗೆ ಇಳಿಸುತ್ತೀರಾ? ಇಳಿಸುವುದಾದರೆ ನೀರು ಎಲ್ಲಿಯವರೆಗೆ ಬರುತ್ತದೆ? ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಉಂಡೆ) ಆಯಿಲ್ ಕಡೆಯದಾಗಿ ನೋಡಿದ್ದು ಯಾವಾಗ? ಎಲ್ಲ ಕೇಳಿ ಗಾಡಿ ಅಲ್ಲೇ ಬಿಟ್ಟುಹೋಗಲು ಹೇಳಿದರು. ರಾತ್ರಿ ಅದರ ಅಡಿಗೆ ಫ್ರಿಜ್ ಬಂದ ದೊಡ್ಡ ರಟ್ಟನ್ನು ಬಿಡಿಸಿ ಹಾಸಿ, ನಾಲ್ಕು ಚಕ್ರ ಎಲ್ಲಿ ಬರುತ್ತದೆ ಅಂತ ರಟ್ಟಿನ ಮೇಲೆ ಗುರುತು ಹಾಕಿದ್ದರು.

ಮರುದಿನ ಬೆಳಿಗ್ಗೆ ಆ ರಟ್ಟನ್ನು ಎಳೆದು ಬೆಳಕಿಗೆ ಇಟ್ಟು ತೋರಿಸಿದರು. ನಾನು ಇಷ್ಟು ಕಾಲ ಒಂದೇ ಲೀಕ್ ಅಂತ ಅಂದುಕೊಂಡದ್ದು ನಾಲ್ಕು ಬೇರೆ ಬೇರೆ ಕಲೆ. ಬೆಲ್ ಹೌಸಿಂಗ್ ಅಡಿಯದ್ದು ಕಪ್ಪು, ತೆಳು, ಸುತ್ತ ಹರಡಿತ್ತು. ಅದು ಇಂಜಿನ್ ಆಯಿಲ್. ಅದರ ಹಿಂದೆ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಕ್ಕೆ ಬಲ ಹಂಚುವ ಗೇರಿನ ಪೆಟ್ಟಿಗೆ) ಅಡಿ ಸಣ್ಣದೊಂದು ಚುಕ್ಕೆ. ಹಿಂದಿನ ಡಿಫರೆನ್ಷಿಯಲ್‌ನ ಮೂತಿಯ ಅಡಿ ಕಂದು ಬಣ್ಣದ ದಪ್ಪ ಹನಿ. ಮುಂದಿನ ಎಡ ಚಕ್ರದ ಒಳಬದಿಯಲ್ಲಿ ಬೂದು ಬಣ್ಣದ ಅಂಟು. ಬೆರಳಲ್ಲಿ ಒತ್ತಿ ಮೂಸಿ ನೋಡಿ ಅಂದರು. ಗೇರ್ ಆಯಿಲಿಗೆ ಗಂಧಕದ ನಾತ ಉಂಟು, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಇಂಜಿನ್ ಆಯಿಲಿಗೆ ಸುಟ್ಟ ವಾಸನೆ. ಬೆಲ್ ಹೌಸಿಂಗ್‌ನಿಂದ ಬೀಳುವುದಕ್ಕೆ ಗಂಧಕದ ನಾತ ಇದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲನ್ನು ನೋಡಬೇಕು, ಇಲ್ಲದಿದ್ದರೆ ಇಂಜಿನ್ ಕಡೆ ನೋಡಬೇಕು. ಇಷ್ಟು ತಿಳಿಯಲು ಲಿಫ್ಟ್ ಬೇಕಾಗಿಲ್ಲ.

ಆಮೇಲೆ ತೊಳೆಯುವ ಕೆಲಸ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ), ಕಾಯಿಲ್, ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಹಾಕಿ, ಬ್ರಶ್ಶಿನಲ್ಲಿ ಉಜ್ಜಿ ತೆಗೆದರು. ಹಳೆ ಮಣ್ಣು ಆಯಿಲ್ ಕುಡಿದು ಗಟ್ಟಿಯಾಗಿ ಹೋಗಿತ್ತು, ಸ್ಕ್ರೂಡ್ರೈವರಿನಲ್ಲಿ ಕೆತ್ತಬೇಕಾಯಿತು. ಪ್ರೆಶರ್ ವಾಶರ್ ಇಟ್ಟುಕೊಂಡಿದ್ದಾರೆ, ಆದರೆ ಸೀಲ್ ಮತ್ತು ಬ್ರೀದರ್ (ಒಳಗಿನ ಗಾಳಿ ಹೊರಗೆ ಹೋಗುವ ತೂತು) ಹತ್ತಿರ ಅದನ್ನು ಬಿಡುವುದಿಲ್ಲ, ನೀರು ಒಳಗೆ ಹೋಗುತ್ತದೆ ಅಂತ. ಒಣಗಿದ ಮೇಲೆ ಇಂಜಿನ್ನಿನ ಹಿಂಭಾಗಕ್ಕೆ, ಸಂಪಿನ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಅಂಚಿಗೆ, ಬೆಲ್ ಹೌಸಿಂಗಿಗೆ ಟಾಲ್ಕಮ್ ಪೌಡರ್ ಊದಿದರು. ಬೋವಿಕ್ಕಾನದ ತನಕ ಒಂದು ಸುತ್ತು ಹೋಗಿ ಬಂದೆವು.

ಬಂದು ಬಾನೆಟ್ ಎತ್ತಿ ಟಾರ್ಚ್ ಬಿಟ್ಟರು. ಸಿಲಿಂಡರ್ ಹೆಡ್ಡಿನ ಹಿಂದಿನ ತುದಿಯಲ್ಲಿ, ಡಿಸ್ಟ್ರಿಬ್ಯೂಟರ್ ಕೂರುವ ಜಾಗದ ಕೆಳಗೆ, ಬಿಳಿ ಪೌಡರಿನ ನಡುವೆ ಕಿರುಬೆರಳಷ್ಟು ಅಗಲದ ಕಂದು ಗೆರೆ. ಅದು ಹೆಡ್ಡಿನ ಬೆನ್ನಲ್ಲಿ ಇಳಿದು, ಬ್ಲಾಕಿನ ಅಂಚು ಹಿಡಿದು, ಬೆಲ್ ಹೌಸಿಂಗಿನ ಮೇಲೆ ಬಿದ್ದು, ಸುತ್ತಿಕೊಂಡು ಅಡಿಯಿಂದ ಹನಿಯುತ್ತಿತ್ತು. ಅಡಿಯಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಅಂತಲೇ ಅನಿಸಬೇಕು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಒದ್ದೆ ಇರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು, ಎಲ್ಲಕ್ಕಿಂತ ಮುಂದಿನದ್ದು ಯಾವುದು ಅಂತ ಮೊದಲು ನೋಡಬೇಕು. ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗ್ (ರಬ್ಬರ್ ಬಳೆ) ಒಣಗಿ ಪ್ಲಾಸ್ಟಿಕಿನ ಹಾಗೆ ಗಟ್ಟಿಯಾಗಿತ್ತು, ಬಗ್ಗಿಸಿದಾಗ ಪಟ್ ಅಂತ ತುಂಡಾಯಿತು. ಇದಕ್ಕೆ ಗೇರ್‌ಬಾಕ್ಸ್ ಇಳಿಸುವ ಕೆಲಸವೇ ಇಲ್ಲ. ರೋಟರ್ ಎತ್ತ ಮುಖ ಮಾಡಿದೆ, ಬಾಡಿ ಎಲ್ಲಿ ಕೂತಿದೆ ಅಂತ ಗುರುತು ಹಾಕಿ ಬಿಚ್ಚಿ, ಹೊಸ ಓ-ರಿಂಗಿಗೆ ಆಯಿಲ್ ಸವರಿ ಹಾಕಿದರು. ಜೋಡಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಟೈಮಿಂಗ್ ನೋಡಿದರು. ಗುರುತು ಇದೆ, ಸಾಕು ಅಂತ ಬಿಡಲಿಲ್ಲ. ನನಗೆ ಅವರ ಮೇಲೆ ಭರವಸೆ ಬಂದದ್ದು ಅಲ್ಲಿ.

ಅಷ್ಟಕ್ಕೇ ನಿಲ್ಲಿಸುವವರಾದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಓ-ರಿಂಗ್ ಹಾಳಾದದ್ದು ವಯಸ್ಸಿನಿಂದ ಇರಬಹುದು, ಆದರೆ ಒಳಗಿನಿಂದ ಒತ್ತಡ ಇದ್ದರೆ ಇವತ್ತು ಇಲ್ಲಿ ಮುಚ್ಚಿದ್ದು ನಾಳೆ ಇನ್ನೊಂದು ಕಡೆ ತೆರೆಯುತ್ತದೆ ಅಂತ ಪಿಸಿವಿ ವಾಲ್ವ್ ಬಿಚ್ಚಿದರು. ಇಂಜಿನ್ ಓಡುವಾಗ ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಗ್ಯಾಸ್ ಕೆಳಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದನ್ನು ಎಳೆದು ಮತ್ತೆ ಇಂಜಿನ್ನಿಗೆ ಕಳಿಸುವುದು ಈ ವಾಲ್ವಿನ ಕೆಲಸ. ಅದು ಕಟ್ಟಿಕೊಂಡರೆ ಒತ್ತಡ ಏರಿ ಸೀಲು, ಗ್ಯಾಸ್ಕೆಟ್ ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಗೆ ದೂಡುತ್ತದೆ. ಒಳ್ಳೆ ವಾಲ್ವನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಕಟಕಟ ಅನ್ನಬೇಕು. ನಮ್ಮದು ಮಸಿ ತುಂಬಿ ಮೌನವಾಗಿತ್ತು. ಹೊಸದು ಹಾಕಿ, ಇಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಫಿಲ್ಲರ್ ಮುಚ್ಚಳ ತೆಗೆದು ಹೊಗೆ ಬುಸುಬುಸು ಬರುತ್ತದಾ ಅಂತ ನನ್ನ ಕೈಯಿಂದಲೇ ನೋಡಿಸಿದರು. ಬರಲಿಲ್ಲ. ರಿಂಗು ಇನ್ನೂ ಚೆನ್ನಾಗಿದೆ ಅಂತ ಆಗ ಖಾತ್ರಿಯಾಯಿತು.

ಮುಂದಿನ ಚಕ್ರದ ವಿಷಯ ಇನ್ನೂ ಮುಖ್ಯ. ಜಿಪ್ಸಿಯವರು ಇದನ್ನು ಗಮನ ಇಟ್ಟು ಓದಬೇಕು. ಜಿಪ್ಸಿಯ ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ದುಂಡಗಿನ ಉಕ್ಕಿನ ಚೆಂಡು, ಅದರ ಮೇಲೆ ತಿರುಗುವ ನಕಲ್ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಭಾಗ). ಒಳಗೆ ಶಾಫ್ಟಿನ ಜಾಯಿಂಟಿಗೆ ಗ್ರೀಸ್ ತುಂಬಿರುತ್ತದೆ. ಡಿಫರೆನ್ಷಿಯಲ್ ಆಯಿಲ್ ಈ ಗ್ರೀಸಿಗೆ ಬಂದು ಸೇರದ ಹಾಗೆ ಆಕ್ಸಲ್ ಕೊಳವೆಯ ಒಳಗೆ ಒಂದು ಸೀಲ್ ಉಂಟು. ಅದು ಹೋದರೆ ಆಯಿಲ್ ನಕಲಿಗೆ ನುಗ್ಗಿ ಗ್ರೀಸನ್ನು ಕರಗಿಸುತ್ತದೆ. ನೀರಾದ ಗ್ರೀಸ್ ಚೆಂಡಿನ ಹೊರಗಿನ ರಬ್ಬರ್ ಸೀಲು, ಫೆಲ್ಟ್ ದಾಟಿ ಟಯರಿನ ಒಳಗೋಡೆಗೆ ಹತ್ತುತ್ತದೆ. ಕಣ್ಣಿಗೆ ಕಾಣುವುದು ಹೊರಗಿನ ಸೀಲಿನಲ್ಲಿ ಒದ್ದೆ. ಹಾಗಾಗಿ ಎಲ್ಲರೂ ಅದನ್ನೇ ಬದಲಾಯಿಸುತ್ತಾರೆ. ನಮ್ಮ ಗಾಡಿಗೂ ಹಿಂದೆ ಅದನ್ನೇ ಬದಲಾಯಿಸಿದ್ದರು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಶುರು.

ಯಜಮಾನರು ಮೊದಲು ಮುಂದಿನ ಡಿಫರೆನ್ಷಿಯಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದರು. ಆಯಿಲ್ ಸಿಗಲೇ ಇಲ್ಲ. ಕೆಳಗಿನ ಪ್ಲಗ್ ಬಿಚ್ಚಿ ಬೇಸಿನಿಗೆ ಇಳಿಸಿದರೆ, ಬಂದದ್ದು ಹಾಲು ಜಾಸ್ತಿಯಾದ ಚಹಾದ ಬಣ್ಣದ್ದು. ಅಂದರೆ ನೀರು ಹೊಕ್ಕಿದೆ. ಸುಮಾರು 2 ಲೀಟರ್ ಇರಬೇಕಾದ ಜಾಗದಲ್ಲಿ ಅದರ ಅರ್ಧವೂ ಇರಲಿಲ್ಲ. ಆಮೇಲೆ ಆಕ್ಸಲ್ಲಿನ ಮೇಲಿರುವ ಬ್ರೀದರ್ ತೋರಿಸಿದರು. ಬೆರಳ ತುದಿಯಷ್ಟು ಸಣ್ಣ ಮುಚ್ಚಳ. ಅದರ ಮೇಲೆ ಕೆಂಪು ಮಣ್ಣು ಕಲ್ಲಾಗಿ ಕೂತಿತ್ತು, ಬಿಚ್ಚಿ ಬಾಯಿಯಿಂದ ಊದಿದರೂ ಗಾಳಿ ಹೋಗುತ್ತಿರಲಿಲ್ಲ. ಗಾಡಿ ಓಡಿದಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಉಬ್ಬುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಗಾಳಿ ಸೀಲನ್ನು ಒತ್ತಿ ಆಯಿಲನ್ನು ಹೊರಗೆ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ತೋಡಿನ ತಣ್ಣನೆ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಹೋಗುವಾಗ ಆಯಿಲ್ ಹೊರಗೆ, ತೋಡಿನಲ್ಲಿ ನೀರು ಒಳಗೆ. ಮುಂಗಾರು ಪೂರ್ತಿ ನಮ್ಮಲ್ಲಿ ನಡೆಯುತ್ತಿದ್ದದ್ದು ಇದೇ. ಬ್ರೀದರ್ ಸರಿ ಮಾಡದೆ ಎಷ್ಟು ಸೀಲ್ ಹಾಕಿದರೂ ದುಡ್ಡು ದಂಡ ಮಾರಾಯ್ರೆ!

ನಕಲ್ ಬಿಚ್ಚುವ ಕೆಲಸ ನೋಡಿದರೆ ಖುಷಿಯಾಗುತ್ತದೆ. ನಕಲ್ ತಿರುಗುವ ಕಿಂಗ್‌ಪಿನ್ನಿನ ಶಿಮ್‌ಗಳನ್ನು (ಸಂದಿಗೆ ಇಡುವ ತೆಳು ತಗಡು) ಮೇಲಿನದ್ದು, ಕೆಳಗಿನದ್ದು ಬೇರೆ ಬೇರೆ ತಂತಿಗೆ ಪೋಣಿಸಿ, ಚೀಟಿ ಕಟ್ಟಿ ಇಟ್ಟರು. ಕೊಳೆತ ಗ್ರೀಸ್ ಪೂರ್ತಿ ತೆಗೆದು, ಜಾಯಿಂಟನ್ನು ಡೀಸೆಲಿನಲ್ಲಿ ತೊಳೆದು, ಒಳಗಿನ ಬಾಲ್‌ಗಳಲ್ಲಿ ಗುಳಿ ಬಿದ್ದಿದೆಯಾ ಅಂತ ಒಂದೊಂದೇ ನೋಡಿದರು. ಒಳ ಸೀಲು, ಹೊರ ಸೀಲು, ಫೆಲ್ಟು ಮೂರೂ ಹೊಸದು. ಸೀಲನ್ನು ಸುತ್ತಿಗೆಯಿಂದ ನೇರ ಬಡಿಯುವುದಿಲ್ಲ, ಅದರ ಅಳತೆಗೆ ಸರಿಯಾದ ಕೊಳವೆ ತುಂಡಿಟ್ಟು ಸಮನಾಗಿ ಕೂರಿಸುತ್ತಾರೆ. ತುಟಿಗೆ ಗ್ರೀಸ್ ಸವರದೆ ಶಾಫ್ಟ್ ಹಾಕಲು ಬಿಡುವುದಿಲ್ಲ. ಒಣ ಸೀಲ್ ಮೊದಲ ಸುತ್ತಿನಲ್ಲೇ ಸುಡುತ್ತದೆ ಅಂತ ಹುಡುಗನಿಗೆ ಜೋರು ಮಾಡುತ್ತಿದ್ದರು. ಜೋಡಿಸಿದ ಮೇಲೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಕಲ್ ಎಷ್ಟು ಬಿಗಿಯಲ್ಲಿ ತಿರುಗುತ್ತದೆ ಅಂತ ಎಳೆದು ನೋಡಿದರು. ಬಲಬದಿಯಲ್ಲಿ ಲೀಕ್ ಇರಲಿಲ್ಲ, ಆದರೂ ಅದನ್ನೂ ಮಾಡಿಸಿ ಅಂತ ಹೇಳಿದರು. ಒಂದೇ ಒತ್ತಡ ಎರಡೂ ಬದಿಗೆ ಬಿದ್ದದ್ದು ಅಲ್ವಾ, ಒಪ್ಪಿದೆ.

ಮುಂದಿನದ್ದು, ಹಿಂದಿನದ್ದು ಎರಡೂ ಬ್ರೀದರಿಗೆ ಆಯಿಲಿಗೆ ಹಾಳಾಗದ ಹೋಸ್ ಹಾಕಿ ಮೇಲಕ್ಕೆ ಎಳೆದಿದ್ದಾರೆ. ಮುಂದಿನದ್ದು ಬಾನೆಟ್ಟಿನೊಳಗೆ ಫೈರ್‌ವಾಲ್ ತನಕ ಬರುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಗುವಾಗ ಎಳೆದು ಹೋಗದ ಹಾಗೆ ನಡುವೆ ಸಡಿಲ ಬಿಟ್ಟಿದ್ದಾರೆ. ಇಡೀ ಬಿಲ್ಲಿನಲ್ಲಿ ಇದಕ್ಕಿಂತ ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಜಾಸ್ತಿ ಉಪಕಾರದ ಕೆಲಸ ಇನ್ನೊಂದಿಲ್ಲ. ತೋಡು ದಾಟುವ ಗಾಡಿ ಇರುವ ಪ್ರತಿಯೊಬ್ಬರೂ ಇದನ್ನು ಮಾಡಿಸಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಹಿಂದಿನ ಡಿಫರೆನ್ಷಿಯಲ್‌ನ ಮೂತಿಯಲ್ಲಿರುವ ಪಿನಿಯನ್ (ಒಳಗಿನ ಸಣ್ಣ ಗೇರು) ಸೀಲ್ ಸಣ್ಣ ಕೆಲಸ, ಆದರೆ ಅವಸರದವರು ಹಾಳು ಮಾಡುವುದು ಇಲ್ಲೇ. ಪಿನಿಯನ್ ನಟ್ಟು ಒಳಗಿನ ಬೇರಿಂಗಿನ ಬಿಗಿಯನ್ನೂ ಹಿಡಿದಿರುತ್ತದೆ. ನಟ್ಟು ಬಿಗಿಯುವ ಗನ್ ಇಟ್ಟು ಸುಮ್ನೆ ಬಿಗಿದರೆ ಬೇರಿಂಗ್ ಹೋಗುತ್ತದೆ. ಇವರು ನಟ್ಟು, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಪಂಚಿನಿಂದ ಚುಕ್ಕೆ ಹೊಡೆದು ಬಿಚ್ಚಿದರು, ಅದೇ ಚುಕ್ಕೆಗೆ ತಂದು ನಿಲ್ಲಿಸಿದರು. ಫ್ಲ್ಯಾಂಜಿನ ಮೇಲೆ ಹಳೆ ಸೀಲಿನ ತುಟಿ ಕೊರೆದ ಗೆರೆ ಇತ್ತು, ಉಗುರು ಸಿಕ್ಕುವಷ್ಟು ಆಳ. ಅದರ ಮೇಲೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಇದಕ್ಕೆ ತೆಳು ಉಕ್ಕಿನ ಸ್ಲೀವ್ ಬರುತ್ತದೆ, ನಮ್ಮ ಅಳತೆಯದ್ದು ಅವತ್ತು ಸಿಗಲಿಲ್ಲ. ಸೀಲನ್ನು ಒಂದೆರಡು ಮಿಲಿಮೀಟರ್ ಹೊರಗೆ ಕೂರಿಸಿ, ತುಟಿ ಸವೆಯದ ಜಾಗಕ್ಕೆ ಬರುವ ಹಾಗೆ ಮಾಡಿದರು. ಇಲ್ಲಿಯವರೆಗೆ ಹನಿ ಬಿದ್ದಿಲ್ಲ. ಮುಂದೆ ಸೋರಿದರೆ ಸ್ಲೀವ್ ಹಾಕಿಸಲೇಬೇಕು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ.

ಟ್ರಾನ್ಸ್‌ಫರ್ ಕೇಸಿನ ಚುಕ್ಕೆಯನ್ನು ಮುಟ್ಟಲಿಲ್ಲ. ಅದು ಬೆವರುತ್ತದೆ ಅಷ್ಟೇ, ಹನಿ ಕಟ್ಟುವುದಿಲ್ಲ, ತಿಂಗಳಿಗೊಮ್ಮೆ ಲೆವೆಲ್ ನೋಡಿ ಸಾಕು ಅಂದರು. ಮಾಡಿಸಿ ಅಂದಿದ್ದರೆ ನಾನು ಮಾಡಿಸುತ್ತಿದ್ದೆ. ದುಡ್ಡು ಬರುವ ಕೆಲಸವನ್ನು ಬೇಡ ಅನ್ನುವ ಗ್ಯಾರೇಜು ಎಷ್ಟು ಸಿಗುತ್ತದೆ?

ಸಿಲಿಕೋನ್ ಪೇಸ್ಟಿನ ಬಗ್ಗೆಯೂ ಒಂದು ಮಾತು. ಕೆಲವು ಕಡೆ ಎಲ್ಲ ಲೀಕಿಗೂ ಇದೇ ಔಷಧ. ನಮ್ಮ ವಾಲ್ವ್ ಕವರಿನ ಅಂಚಿನಿಂದ ಯಾರೋ ಹಿಂದೆ ಹಾಕಿದ ಪೇಸ್ಟ್ ಹೊರಗೆ ಹಿಂಡಿಕೊಂಡು ಬಂದಿತ್ತು. ಹೊರಗೆ ಅಷ್ಟು ಬಂದಿದ್ದರೆ ಒಳಗೂ ಅಷ್ಟೇ ಬಂದಿರುತ್ತದೆ. ಅದು ತುಂಡಾಗಿ ಬಿದ್ದರೆ ಸಂಪಿನಲ್ಲಿರುವ ಜಾಲರಿಯಲ್ಲಿ ಸಿಕ್ಕಿ ಆಯಿಲ್ ಪಂಪಿಗೆ ಆಯಿಲ್ ಸಿಗದ ಹಾಗೆ ಮಾಡುತ್ತದೆ. ಇಂಜಿನ್ನೇ ಹೋಗುತ್ತದೆ. ಯಜಮಾನರು ಎಲ್ಲವನ್ನೂ ಬ್ಲೇಡಿನಲ್ಲಿ ಕೆರೆದು ತೆಗೆದು ಬರೀ ರಬ್ಬರ್ ಗ್ಯಾಸ್ಕೆಟ್ ಹಾಕಿದರು. ನಟ್ಟನ್ನು ಮೆಲ್ಲಗೆ, ಅಡ್ಡಡ್ಡ ಕ್ರಮದಲ್ಲಿ ಬಿಗಿದರು. ಜಾಸ್ತಿ ಬಿಗಿದರೆ ರಬ್ಬರ್ ಚಪ್ಪಟೆಯಾಗಿ ಅಲ್ಲಿಂದಲೇ ಸೋರುತ್ತದೆ. ಪೇಸ್ಟ್ ಬೇಕಾದ ಕಡೆ ತೆಳುವಾಗಿ ಒಂದೇ ಎಳೆ ಹಾಕಿ, 24 ಗಂಟೆ ಒಣಗಲು ಬಿಟ್ಟು ಆಮೇಲೆ ಆಯಿಲ್ ತುಂಬಿಸುತ್ತಾರೆ.

ಆಯಿಲಿನ ವಿಷಯದಲ್ಲೂ ಖಡಾಖಂಡಿತ. ಡಿಫರೆನ್ಷಿಯಲ್‌ಗೆ 80ಡಬ್ಲ್ಯೂ-90 ಜಿಎಲ್-5, ಗೇರ್‌ಬಾಕ್ಸಿಗೆ ಜಿಎಲ್-4 (ಜಿಎಲ್ ಅಂದರೆ ಗೇರ್ ಆಯಿಲಿನ ದರ್ಜೆ). ಎರಡಕ್ಕೂ ಒಂದೇ ಡಬ್ಬಿಯಿಂದ ಸುರಿಯುವುದಿಲ್ಲ. ಗೇರ್‌ಬಾಕ್ಸಿನ ಒಳಗೆ ಹಿತ್ತಾಳೆಯ ರಿಂಗ್‌ಗಳು ಇವೆ, ಜಿಎಲ್-5ರ ರಾಸಾಯನಿಕ ಅದಕ್ಕೆ ಒಳ್ಳೆಯದಲ್ಲ ಅಂತ ಕಾರಣವನ್ನೂ ಹೇಳಿದರು.

ಖರ್ಚು ಪೇಟೆಯವರು ಹೇಳಿದ ಲೆಕ್ಕದ ಅರ್ಧವೂ ಆಗಲಿಲ್ಲ, ಅದೂ ನಾಲ್ಕು ಕಡೆಯಲ್ಲಿ ಮೂರನ್ನು ಸರಿ ಮಾಡಿ. ಹಳೆ ಸೀಲು, ಓ-ರಿಂಗ್ ಎಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೈಗೆ ಕೊಟ್ಟರು. ಅಂಗಳದಲ್ಲಿ ಅಡಿಕೆ ಹರಡಿದೆ, ಗಾಡಿ ಪಕ್ಕದಲ್ಲೇ ನಿಂತಿದೆ, ನನಗೆ ಹೆದರಿಕೆ ಇಲ್ಲ.

ಕೊರತೆಗಳೂ ಇವೆ. ಕೆಲಸ ನಿಧಾನ, ಅವಸರದವರಿಗೆ ಈ ಜಾಗ ಆಗುವುದಿಲ್ಲ. ಫೋನ್ ಎತ್ತುವುದು ಅಪರೂಪ. ಪ್ರಿಂಟ್ ಮಾಡಿದ ಬಿಲ್ ಸಿಗುವುದಿಲ್ಲ, ನೋಟ್ ಬುಕ್ಕಿನ ಹಾಳೆಯಲ್ಲಿ ಬರೆದುಕೊಡುತ್ತಾರೆ. ಪಾರ್ಟ್ಸ್ ಅಲ್ಲಿ ಸ್ಟಾಕ್ ಇರುವುದಿಲ್ಲ. ಚೀಟಿ ಹಿಡಿದುಕೊಂಡು ಕಾಸರಗೋಡಿಗೋ ಮಂಗಳೂರಿಗೋ ನಾವೇ ಹೋಗಬೇಕು. ತರುವಾಗ ಒಳ್ಳೆ ಕಂಪನಿಯ ಸೀಲನ್ನೇ ತನ್ನಿ. ಇಂಜಿನ್ ಹತ್ತಿರ ಬಿಸಿ ಜಾಸ್ತಿ ಇರುವ ಕಡೆಗೆ ಸಾಧಾರಣ ನೈಟ್ರೈಲ್ ರಬ್ಬರಿನ ಬದಲು ವೈಟಾನ್ ರಬ್ಬರಿನ ಸೀಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನೈಟ್ರೈಲ್ ಸುಮಾರು 100 ಡಿಗ್ರಿ ತನಕ ತಡೆಯುತ್ತದೆ, ವೈಟಾನ್ 200ರ ಹತ್ತಿರ. ಬೆಲೆ ಜಾಸ್ತಿ, ಆದರೆ ಬಾಳಿಕೆ ಉಂಟು.

ಹೋಗುವವರು ಗಾಡಿ ತೊಳೆದುಕೊಂಡು ಹೋಗಬೇಡಿ, ಕಲೆ ಎಲ್ಲಿದೆ ಅಂತ ಅವರಿಗೆ ನೋಡಬೇಕು. ಯಾವ ಆಯಿಲ್ ಹಾಕಿದ್ದೀರಿ, ಎಷ್ಟು ಕಡಿಮೆಯಾಗಿದೆ ಅಂತ ಬರೆದಿಟ್ಟುಕೊಂಡು ಹೋಗಿ, ಕೇಳಿಯೇ ಕೇಳುತ್ತಾರೆ. ಮೇ ಕೊನೆಯಲ್ಲಿ ಹೋದರೆ ಮಳೆ ಬರುವ ಮೊದಲು ರೆಡಿ ಮಾಡಿಸುವ ಜೀಪು, ಪಿಕಪ್‌ಗಳ ಸಾಲೇ ಇರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಬೇಗ ಕೈಗೆತ್ತಿಕೊಳ್ಳುತ್ತಾರೆ.